ಒಂಟಿ ಫ್ರೇಮು

ಅಂಗಡಿಯಾಕೆ ಫ್ರೇಮನ್ನು ಗೋಡೆಯ ಕೊಕ್ಕೆಯಿಂದ ಇಳಿಸಿ ಎರಡು ಬೆರಳಲ್ಲಿ ಎತ್ತಿ ತೋರಿಸಿದಾಗ ಅವನಿಗೆ ಮೊದಲು ಆದದ್ದು ನಾಚಿಕೆ. ಸಂತೋಷವೂ ಆಯಿತು, ಆದರೆ ಅದು ಆಮೇಲೆ. "ಹಿಡ್ಕೊಳ್ಳಿ ಸಾರ್, ಕಚ್ಚಲ್ಲ," ಎಂದು ಆಕೆ ಅದನ್ನು ಅವನ ಕೈಗೆ ದಾಟಿಸಿದಳು. ಚಕ್ರವಿಲ್ಲ, ಹ್ಯಾಂಡಲ್ಲಿಲ್ಲ, ಸೀಟಿಲ್ಲ. ಬೂದು ಬಣ್ಣದ ಕೆಲವು ಕೊಳವೆಗಳು ಕೂಡಿಕೊಂಡ ಒಂದು ಖಾಲಿ ಆಕಾರ, ಅಷ್ಟೇ. ಭಾರ ಎತ್ತಲೆಂದು ತೋಳು ಮಾಡಿಕೊಂಡಿದ್ದ ತಯಾರಿಯೆಲ್ಲ ದಂಡವಾಗಿ ಕೈ ತಾನಾಗಿಯೇ ಎದೆಮಟ್ಟಕ್ಕೆ ಬಂತು. ಇಷ್ಟೇನಾ, ಅಂದುಕೊಂಡ. ಇಷ್ಟು ವಾರ ನಿದ್ದೆಗೆಟ್ಟು ಓದಿದ್ದು, ಕಚೇರಿಯಲ್ಲಿ ನಕ್ಷೆಯ ಹಾಳೆಯ ಕೆಳಗೆ ಇನ್ನೊಂದು ಹಾಳೆ ಇಟ್ಟುಕೊಂಡು ಕೊಳವೆಗಳ ಕೋನ ಬರೆದು ನೋಡಿದ್ದು, ಎಲ್ಲ ಇಷ್ಟಕ್ಕೇನಾ. ಉಕ್ಕಿನದು ಮೆತ್ತಗೆ ಓಡುತ್ತದೆ, ಆದರೆ ಭಾರ, ಮಳೆಗೆ ತುಕ್ಕು. ಕಾರ್ಬನ್ನಿನದು ಎಲ್ಲಕ್ಕಿಂತ ಹಗುರ, ಆದರೆ ಒಮ್ಮೆ ಬಿದ್ದರೆ ಒಳಗೆ ಬಿರುಕು ಬಿಟ್ಟದ್ದು ಹೊರಗೆ ಕಾಣುವುದಿಲ್ಲ, ನಂಬಿ ಕೂರುವ ಹಾಗಿಲ್ಲ. ಅಲ್ಯೂಮಿನಿಯಂ ಹಗುರವೂ ಹೌದು, ತುಕ್ಕೂ ಇಲ್ಲ, ರಸ್ತೆ ಕೆಟ್ಟಿದ್ದರೆ ಅಂಗೈ ನಡುಗಿಸುತ್ತದೆ ಅಷ್ಟೇ, ಅದಕ್ಕೆ ದಪ್ಪ ಟೈರು ಹಾಕಿದರೆ ಆಯಿತು. ಮಡ್‌ಗಾರ್ಡಿಗೆ ಜಾಗ ಬೇಕು, ಒದ್ದೆಯಲ್ಲೂ ಹಿಡಿಯುವ ಡಿಸ್ಕ್ ಬ್ರೇಕು ಬೇಕು. ಇದನ್ನೆಲ್ಲ ಅವನು ಯಾರೊಂದಿಗೆ ಬೇಕಾದರೂ ಗಂಟೆಗಟ್ಟಲೆ ಮಾತಾಡಬಲ್ಲವನಾಗಿದ್ದ. ಮಾತಾಡಲಾಗದ್ದು ಒಂದೇ, ಮತ್ತು ಅದು ಅವನ ಬೆನ್ನ ಹಿಂದೆ ಅಂಗಡಿಯ ಮೂಲೆಯಲ್ಲಿ ಗೋಡೆಗೆ ಒರಗಿ ನಿಂತಿತ್ತು. ಒಳಗೆ ಬಂದಾಗಿನಿಂದ ಅವನು ಆ ಕಡೆ ತಿರುಗಿರಲಿಲ್ಲ.

ಅದು ಅವರ ಜೋಡಿ ಸೈಕಲ್ಲು. ಉದ್ದನೆಯ ಒಂದೇ ಫ್ರೇಮಿನ ಮೇಲೆ ಎರಡು ಸೀಟು, ಎರಡು ಹ್ಯಾಂಡಲ್ಲು, ಎರಡು ಜೊತೆ ಪೆಡಲು. ಮುಂದೆ ಅವನು, ಹಿಂದೆ ಅವನ ಹೆಂಡತಿ. ಅವಳಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಆಸ್ಪತ್ರೆಯಲ್ಲಿ ಬಿದ್ದವರ, ಮುರಿದುಕೊಂಡವರ ಕೈಕಾಲುಗಳಿಗೆ ವ್ಯಾಯಾಮ ಮಾಡಿಸಿ ಮತ್ತೆ ನಡೆಯುವ ಹಾಗೆ ಮಾಡುವುದು ಅವಳ ಕೆಲಸ. ನೀರು ಸರಬರಾಜು ಕಚೇರಿಯಲ್ಲಿ ಊರಿನ ಕೊಳಾಯಿಗಳ ನಕ್ಷೆ ಬರೆಯುವುದು ಅವನ ಕೆಲಸ. ಮದುವೆಯಾದ ವರ್ಷ ಕೊಂಡ ಸೈಕಲ್ಲು. ಅಂದಿನಿಂದ ಮಳೆ, ಚಳಿ, ಬಿಸಿಲು ಅನ್ನದೆ ದಿನಾ ಬೆಳಿಗ್ಗೆ ಅವಳನ್ನು ಆಸ್ಪತ್ರೆಯ ಗೇಟಿನಲ್ಲಿ ಇಳಿಸಿ ಅವನು ಮುಂದೆ ಕಚೇರಿಗೆ ಹೋಗುತ್ತಾನೆ, ಸಂಜೆ ಬಂದು ಹತ್ತಿಸಿಕೊಳ್ಳುತ್ತಾನೆ. ಸೀಟಿನ ಕೊಳವೆಯೊಳಗೆ ವರ್ಷಗಟ್ಟಲೆ ಇಳಿದ ಮಳೆನೀರು ಫ್ರೇಮನ್ನು ಒಳಗಿನಿಂದಲೇ ತಿಂದಿತ್ತು. ಹಿಂದಿನ ಪೆಡಲು ಕೂರುವ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡ ದಿನ ಅಂಗಡಿಯಾಕೆ ಸ್ಪ್ಯಾನರಿನ ಹಿಡಿಯಿಂದ ಕುಟ್ಟಿ ನೋಡಿ, "ಇದರ ಆಯಸ್ಸು ಮುಗೀತಾ ಬಂತು ಸಾರ್. ಹೊಸ ಫ್ರೇಮು ನೋಡ್ಕೊಳ್ಳಿ, ಉಳಿದ ಸಾಮಾನೆಲ್ಲ ಅದಕ್ಕೇ ಕೂರಿಸೋಣ. ಜೋಡೀದೇ ತಾನೆ?" ಎಂದಿದ್ದಳು. ಹೌದು ಅನ್ನಲು ಬಾಯಿ ತೆರೆದವನು, "ಒಂಟೀದು ಯಾವ್ಯಾವುದಿದೆ, ಸುಮ್ನೆ ನೋಡೋಣ" ಅಂದಿದ್ದ. ಆ 'ಸುಮ್ನೆ' ಅವನ ನಾಲಿಗೆಗೆ ಎಲ್ಲಿಂದ ಬಂತೋ. ಅಂದಿನಿಂದ ಶನಿವಾರ ಬಂದರೆ ಸಾಕು, ಸುಮ್ನೆ ನಡೆದುಕೊಂಡು ಇಲ್ಲಿಗೆ ಬರುತ್ತಿದ್ದ. ಮನೆಯಲ್ಲಿ ಅವಳು, "ಆಯ್ತಾ, ಯಾವುದು ಅಂತ ಗೊತ್ತಾಯ್ತಾ?" ಎಂದು ಕೇಳುತ್ತಿದ್ದಳು. "ಇನ್ನೂ ನೋಡ್ತಿದೀನಿ," ಎನ್ನುತ್ತಿದ್ದ. ಅದು ಸುಳ್ಳಲ್ಲ, ಎಂದು ಪ್ರತಿ ಸಲ ತನಗೆ ತಾನೇ ಹೇಳಿಕೊಳ್ಳುತ್ತಿದ್ದ.

ಇಂದು ಬೆಳಿಗ್ಗೆ ಬಿರುಕು ಇನ್ನಷ್ಟು ಬಾಯಿ ಬಿಟ್ಟಿತ್ತು. ಅಂಗಡಿಯಾಕೆ ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿಕೊಂಡು ಕೂತು ನೋಡಿ, ಇದರ ಮೇಲೆ ಇನ್ನು ಯಾರನ್ನೂ ಕೂರಿಸಲಾರೆ ಎಂದುಬಿಟ್ಟಳು. "ಮೇಡಂ ಹಿಂದೆ ಕೂತಿದ್ದಾಗ ಇದು ಎರಡು ತುಂಡಾದ್ರೆ ನನ್ನ ತಲೆಗೆ ಬರುತ್ತೆ. ಜೋಡೀದೋ ಒಂಟೀದೋ, ಎರಡೂ ಗೋಡೌನಲ್ಲಿದೆ. ಮಧ್ಯಾಹ್ನ ನಮ್ಮ ಗಾಡಿ ಹೋಗುತ್ತೆ. ಅದಕ್ಕೆ ಮುಂಚೆ ಫೋನ್ ಮಾಡ್ತೀನಿ, ಒಂದು ಮಾತು ಹೇಳಿ, ಸೋಮವಾರ ಬೆಳಿಗ್ಗೆ ರೆಡಿ." ಆಮೇಲೆ, ಅವನ ಮುಖ ನೋಡಿ ಏನನ್ನಿಸಿತೋ, ಅಂಥದೇ ಇನ್ನೊಂದು ಬೂದು ಫ್ರೇಮಿಗೆ ಜೋಡಿಸಿ ಅಂಗಡಿಯವರೇ ಓಡಿಸಲು ಇಟ್ಟುಕೊಂಡಿದ್ದ ಸೈಕಲ್ಲನ್ನು ಹೊರಗೆ ತಂದು ನಿಲ್ಲಿಸಿದಳು. "ಮನೆಗೆ ಇದರಲ್ಲೇ ಹೋಗಿ. ಏರು ಹತ್ತಿಸಿ ನೋಡಿ, ಆಮೇಲೆ ಹೇಳಿ. ಸೈಕಲ್ಲು ನಾಳೆ ತನ್ನಿ ಪರ್ವಾಗಿಲ್ಲ." ಆಕೆಯದು ತಗ್ಗದ ಗಂಟಲು, ಪಕ್ಕದ ಅಂಗಡಿಯವರು ತಿರುಗಿ ನೋಡಿದರು. ಮೂಲೆಯಲ್ಲಿದ್ದದ್ದನ್ನು ಈಗಲೂ ನೋಡದೆ ಅವನು ಹೊರಗೆ ಬಂದ.

ಕಾರಣ ಕೇಳಿದರೆ ಹೇಳಲು ಅವನ ಹತ್ತಿರ ಒಳ್ಳೊಳ್ಳೆಯ ಕಾರಣಗಳಿದ್ದವು. ಜೋಡಿ ಸೈಕಲ್ಲು ಭಾರ, ತಿರುವಿನಲ್ಲಿ ಎತ್ತಿನ ಗಾಡಿಯಷ್ಟು ಜಾಗ ಕೇಳುತ್ತದೆ, ಕಚೇರಿಗೆ ತಡವಾಗುತ್ತದೆ, ವಯಸ್ಸೂ ಆಯಿತು. ಇವೆಲ್ಲ ನಿಜ, ಮತ್ತು ಇವು ಯಾವುವೂ ಕಾರಣವಲ್ಲ. ಜೋಡಿ ಸೈಕಲ್ಲಿನ ಎರಡು ಜೊತೆ ಪೆಡಲುಗಳನ್ನು ಒಂದು ಚೈನು ಕಟ್ಟಿಹಾಕಿರುತ್ತದೆ. ಮುಂದಿನವನ ಕಾಲು ತಿರುಗಿದಷ್ಟೇ ಹಿಂದಿನವಳ ಕಾಲು ತಿರುಗಬೇಕು, ಅವನು ನಿಲ್ಲಿಸಿದರೆ ಅವಳದೂ ನಿಲ್ಲಬೇಕು. ದಿನವಿಡೀ ಜನರ ಮಂಡಿ ಮೀನಖಂಡ ಹಿಡಿದು, ಇವರು ಹೆದರಿದ್ದಾರೆ, ಇವರು ಸೋಗು ಹಾಕುತ್ತಿದ್ದಾರೆ ಎಂದು ಹೇಳಬಲ್ಲವಳಿಗೆ ಗಂಡನ ಕಾಲು ಚೈನಿನ ಮೂಲಕ ಹೇಳದೆ ಬಿಡುವುದು ಏನೂ ಇರಲಿಲ್ಲ. ಕಚೇರಿಯಲ್ಲಿ ಅವನಿಗಿಂತ ಕಿರಿಯನನ್ನು ವಿಭಾಗದ ಮುಖ್ಯಸ್ಥನನ್ನಾಗಿ ಮಾಡಿದ ದಿನ ಅವನು ನಗುನಗುತ್ತಾ ಆಸ್ಪತ್ರೆಯ ಗೇಟಿಗೆ ಬಂದಿದ್ದ, ದಾರಿಯಲ್ಲಿ ಹವಾಮಾನದ ಮಾತಾಡಿದ್ದ. ಅರ್ಧ ದಾರಿಗೇ ಅವಳು, "ಏನಾಯ್ತು ಇವತ್ತು?" ಎಂದಳು. "ಏನಿಲ್ಲ, ಎದುರುಗಾಳಿ." "ಗಾಳಿ ಹಿಂದಿನಿಂದ ಬೀಸ್ತಿದೆ ರೀ," ಎಂದು ಅವಳು ನಕ್ಕಳು. ಅವನಿಗೆ ಆಗ ಅಳು ಬಂದಿತ್ತು, ಮತ್ತು ಅಳುವಿನ ಜೊತೆಗೇ ಒಂದು ಸಿಟ್ಟು. ತನ್ನ ಅವಮಾನವನ್ನು ಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುವವರೆಗಾದರೂ ತನ್ನದನ್ನಾಗಿ ಇಟ್ಟುಕೊಳ್ಳುವ ಹಕ್ಕು ತನಗಿಲ್ಲವೇ. ಬೇರೆಯವರು ಮುಖ ಮುಚ್ಚಿಕೊಂಡರೆ ಸಾಕು, ಇವನು ಕಾಲನ್ನು ಎಲ್ಲಿ ಮುಚ್ಚಿಡಬೇಕು? ಅಂದಿನಿಂದ ಅವನು ಕಾಲಿನಲ್ಲೂ ನಟಿಸಲು ಕಲಿತ. ಸಮನಾಗಿ, ಎಣಿಸಿದ ಹಾಗೆ ತುಳಿಯುವುದು. ಅದು ಬಹಳ ದಣಿವಿನ ಕೆಲಸ.

ಹಗುರ ಸೈಕಲ್ಲು ಮೊದಲ ತುಳಿತಕ್ಕೇ ಮುಂದಕ್ಕೆ ಚಿಮ್ಮಿತು. ಅವನು ಹೆದರಿ ಬ್ರೇಕು ಹಿಡಿದ, ಮತ್ತೆ ಬಿಟ್ಟ. ಶನಿವಾರದ ರಸ್ತೆ ಅರ್ಧ ಖಾಲಿಯಿತ್ತು, ಮೋಡ ಮುಚ್ಚಿಕೊಂಡು ತಂಪಾಗಿತ್ತು. ಹಿಂದೆ ಯಾರೂ ಇಲ್ಲ ಎಂಬುದು ಬೆನ್ನಿಗೆ ಗೊತ್ತಾಗುತ್ತಿತ್ತು. ಯಾವ ಕಡೆ ವಾಲಬೇಕೆನ್ನಿಸಿದರೆ ಆ ಕಡೆ ವಾಲಿದ, ಕಾರಣವಿಲ್ಲದೆ ಒಂದು ಅಡ್ಡರಸ್ತೆಗೆ ತಿರುಗಿದ, ನಡುವೆ ತುಳಿಯುವುದನ್ನು ನಿಲ್ಲಿಸಿ ಬರೀ ಚಕ್ರದ ಸದ್ದು ಕೇಳುತ್ತಾ ಹೋದ. ಯಾಕೆ ನಿಲ್ಲಿಸಿದ್ರಿ ಎಂದು ಯಾರೂ ಕೇಳಲಿಲ್ಲ. ಇನ್ನೂ ಒಂದು ಸಂಗತಿ ಅವನಿಗೆ ತಡವಾಗಿ ಹೊಳೆಯಿತು: ಯಾರೂ ಅವನನ್ನು ನೋಡುತ್ತಿರಲಿಲ್ಲ. ಜೋಡಿ ಸೈಕಲ್ಲಿನ ಮೇಲೆ ಕೂತವರನ್ನು ಊರೆಲ್ಲ ನೋಡುತ್ತದೆ. ಅವಳ ಕಪ್ಪು ಕನ್ನಡಕ ಕಂಡ ಕೂಡಲೇ ನೋಟ ಅವನ ಕಡೆ ತಿರುಗಿ ಮೃದುವಾಗುತ್ತದೆ. ಕೆಳಮನೆಯ ಅಜ್ಜಿ ಎದುರಿಗೇ ಹೇಳುತ್ತಿದ್ದರು, "ದೇವರಂಥ ಮನುಷ್ಯ ಕಣಪ್ಪಾ ನೀನು." ಅವನ ಅತ್ತೆ ನೆಂಟರೆದುರು ಅವನ ಕೈ ಹಿಡಿದು ಕಣ್ಣೊರೆಸಿಕೊಂಡು, ಇಂಥ ಅಳಿಯ ಸಿಗಲು ಪುಣ್ಯ ಮಾಡಿದ್ದೆ ಎನ್ನುತ್ತಿದ್ದರು. ಆಗ ಹೆಂಡತಿ, "ಅಮ್ಮಾ, ಸಂಬಳ ತರೋದರಲ್ಲಿ ನಾನೇ ಮುಂದೆ. ಪುಣ್ಯ ಮಾಡಿದ್ದು ಅವರು," ಎಂದು ಎಲ್ಲರನ್ನೂ ನಗಿಸುತ್ತಿದ್ದಳು. ಅವನೂ ನಗುತ್ತಿದ್ದ. ನಿಜ ಹೇಳಬೇಕೆಂದರೆ ದೇವರಂಥವನು ಅನ್ನಿಸಿಕೊಳ್ಳುವುದು ಅವನಿಗೆ ಮೊದಮೊದಲು ಇಷ್ಟವಾಗಿತ್ತು, ಬಹಳ ಇಷ್ಟವಾಗಿತ್ತು, ಅವಳನ್ನು ಒಪ್ಪಿಕೊಂಡದ್ದರಲ್ಲಿ ಅದರ ಪಾಲು ಎಷ್ಟಿತ್ತು ಎಂದು ಯೋಚಿಸಿದರೆ ಅವನ ಮೈ ಬಿಸಿಯಾಗುತ್ತಿತ್ತು. ಈಗ ಬೂದು ಸೈಕಲ್ಲಿನ ಮೇಲೆ ಅವನು ತಲೆ ನೆರೆತ, ಹೊಟ್ಟೆ ಸ್ವಲ್ಪ ಮುಂದೆ ಬಂದ ಯಾರೋ ಒಬ್ಬ. ಒಬ್ಬ ಕಾರಿನವನು ಅಡ್ಡ ಬಂದದ್ದಕ್ಕೆ ಬೈದುಕೊಂಡೂ ಹೋದ. ಬೈಸಿಕೊಂಡು ಅವನಿಗೆ ಖುಷಿಯಾಯಿತು.

"ಗುಂಡಿ!" ಎಂದು ಅವನು ಜೋರಾಗಿ ಕೂಗಿದ್ದು ಆಗಲೇ. ಕೂಗಿದ ಮೇಲೆ ಅದು ತನ್ನ ದನಿ ಎಂದು ಗೊತ್ತಾಯಿತು. ಮುಂದಿನವನು ರಸ್ತೆಯನ್ನು ಬಾಯಲ್ಲಿ ಹೇಳುತ್ತಾ ಹೋಗಬೇಕು, ಅದು ಅವರ ನಡುವಿನ ಕ್ರಮ: ಗುಂಡಿ, ಉಬ್ಬು, ಎಡ, ನಿಲ್ತೀನಿ. ಗುಂಡಿ ಎಂದ ಕೂಡಲೇ ಅವಳು ಸೀಟಿನಿಂದ ಚೂರು ಏಳುತ್ತಾಳೆ, ಪೆಡಲಿನ ಮೇಲೆ ಭಾರ ಬಿಡುತ್ತಾಳೆ, ಹಾಗಾಗಿ ಚಕ್ರಕ್ಕೆ ಪೆಟ್ಟು ಬೀಳುವುದಿಲ್ಲ. ಈಗ ಕೂಗಿದವನು ಕಾದ, ಭಾರ ಇಳಿಯಲಿ ಎಂದು. ತಾನು ಏಳುವುದು ಮರೆತ. ಚಕ್ರ ಗುಂಡಿಗೆ ಬಿದ್ದು ಬೆನ್ನುಮೂಳೆ ನೆತ್ತಿಯವರೆಗೆ ಝಲ್ಲೆಂದಿತು. ಬದಿಯಲ್ಲಿ ಹಣ್ಣಿನ ಗಾಡಿಯವಳು ಯಾರನ್ನು ಕೂಗಿದನೆಂದು ಅವನ ಹಿಂದೆ ನೋಡಿದಳು. ಯಾರೂ ಕಾಣದೆ ಅವನನ್ನೇ ನೋಡಿದಳು. ಅವನು ಕೆಮ್ಮಿದವನ ಹಾಗೆ ಮಾಡಿದ. ಆಸ್ಪತ್ರೆಯ ಕಾವಲುಗಾರ ದಿನಾ ಮಾಡುವ ತಮಾಷೆ ನೆನಪಾಯಿತು, ಅವಳನ್ನು ಇಳಿಸಿ ಇವನು ಖಾಲಿ ಹಿಂದಿನ ಸೀಟಿನೊಡನೆ ಹೊರಟರೆ ಅವನು ಓಡಿ ಬಂದು, "ಸಾರ್, ಹಿಂದಿನವರು ಬಿದ್ದೋದ್ರು!" ಎನ್ನುತ್ತಾನೆ, ವರ್ಷಗಳಿಂದ ಅದೇ ತಮಾಷೆ, ವರ್ಷಗಳಿಂದ ಇವನೂ ಹಲ್ಲು ಕಿರಿಯುತ್ತಾನೆ. ಇವತ್ತು ಆ ಕಾವಲುಗಾರ ಗೇಟಿನಲ್ಲಿದ್ದರೆ ಏನನ್ನುತ್ತಿದ್ದ? ಆಸ್ಪತ್ರೆಯ ಮುಂದೆ ಹಾಯುವಾಗ ಅವನು ತಲೆ ತಗ್ಗಿಸಿ ವೇಗವಾಗಿ ತುಳಿದ.

ಆಸ್ಪತ್ರೆಗೂ ಮನೆಗೂ ನಡುವೆ ಒಂದು ಏರಿದೆ. ಹೋಗುವಾಗಲೂ ಬರುವಾಗಲೂ ಅದನ್ನು ಹತ್ತಿಯೇ ಇಳಿಯಬೇಕು, ಮತ್ತು ಎರಡು ಸಲವೂ ಸೈಕಲ್ಲಿನ ಮೇಲೆ ಇಬ್ಬರೂ ಇರುತ್ತಾರೆ. ಏರಿನಲ್ಲೇ ಅವಳಿಗೆ ಮಾತು ಹೆಚ್ಚು. ಯಾವುದೋ ಮುದುಕ ಕೋಲು ಬಿಟ್ಟು ಮೊದಲ ಸಲ ನಿಂತದ್ದು, ಯಾವಳೋ ಹುಡುಗಿ ನೋವಿಗೆ ಅವಳ ಕೈ ಕಚ್ಚಿದ್ದು, ಎಲ್ಲ ಕಥೆ ಏರಿನ ತುದಿಗೆ ಮುಗಿಯುತ್ತದೆ. ಬೆಳಿಗ್ಗೆ ಜೋಡಿ ಸೈಕಲ್ಲನ್ನು ಒಬ್ಬನೇ ಅಂಗಡಿಗೆ ತರುವಾಗ ಏರಿನ ಅರ್ಧಕ್ಕೇ ಇಳಿದು ತಳ್ಳಿದ್ದ. ಅದರ ಭಾರಕ್ಕೆ ಹಾಗಾಯಿತೆಂದು ತೀರ್ಮಾನಿಸಿದ್ದ. ಈಗ ಎರಡು ಬೆರಳಲ್ಲಿ ಎತ್ತಬಹುದಾದ ಫ್ರೇಮಿನ ಮೇಲೆ ಕೂತು, ಇನ್ನು ನೋಡು ಎನ್ನುವ ಹುಮ್ಮಸ್ಸಿನಲ್ಲಿ ಏರಿಗೆ ನುಗ್ಗಿದ. ಮೊದಲ ತಿರುವಿನವರೆಗೆ ಎಲ್ಲ ಸರಿಯಿತ್ತು. ಆಮೇಲೆ ಗೇರು ಇಳಿಸಿದ. ಮತ್ತೆ ಇಳಿಸಿದ. ಇಳಿಸಲು ಗೇರು ಉಳಿಯಲಿಲ್ಲ. ತೊಡೆ ಉರಿಯಿತು, ಉಸಿರು ಗಂಟಲಲ್ಲಿ ಗೊರಗೊರ ಅಂದಿತು, ಎದೆ ಕಿವಿಯೊಳಗೆ ಬಡಿಯತೊಡಗಿತು. ಬೆಳಿಗ್ಗೆ ಆ ಕಡೆಯಿಂದ ಹತ್ತುವಾಗ ಆದ ಹಾಗೆಯೇ, ಈ ಕಡೆಯಿಂದಲೂ ಏರಿನ ಅರ್ಧ, ಒಂದು ದೀಪದ ಕಂಬ. ಅಲ್ಲಿ ಅವನು ಇಳಿದು ನಿಂತ. ಹಿಂದಿನಿಂದ ಶಾಲೆಯ ಚೀಲ ಹೊತ್ತ ಹುಡುಗಿಯೊಬ್ಬಳು ಹಳೇ ಕಬ್ಬಿಣದ ಸೈಕಲ್ಲು ತುಳಿಯುತ್ತಾ ಹತ್ತಿರ ಬಂದಾಗ ಅವನು ಬಗ್ಗಿ ಟೈರು ಒತ್ತಿ ನೋಡುವವನ ಹಾಗೆ ಮಾಡಿದ. "ಪಂಚರಾ ಅಂಕಲ್?" ಎಂದು ಕೇಳಿಕೊಂಡೇ ಅವಳು ದಾಟಿ ಹೋದಳು.

ಅಂದರೆ ಇಷ್ಟು ವರ್ಷ ಈ ಏರನ್ನು ಹತ್ತುತ್ತಿದ್ದದ್ದು ಅವಳು. ಕಂಬಕ್ಕೆ ಕೈಕೊಟ್ಟು ನಿಂತವನಿಗೆ ಇದು ಗೊತ್ತಾದದ್ದು ಯೋಚಿಸಿ ಅಲ್ಲ, ಕಾಲಿನಿಂದಲೇ. ಅವನ ತಾಯಿ ತೀರಿಕೊಂಡ ಸುದ್ದಿ ಬಂದ ಸಂಜೆ ಈ ಏರಿನಲ್ಲಿ ಅವನ ಕಾಲು ಸೋತುಹೋಗಿತ್ತು, ಅವಳಿಗೆ ಇನ್ನೂ ವಿಷಯ ಹೇಳಿರಲಿಲ್ಲ. ಆದರೂ ಸೈಕಲ್ಲು ನಿಲ್ಲಲಿಲ್ಲ. ಹಿಂದಿನಿಂದ ಅವಳು ಎರಡು ಸೀಟಿನ ಭಾರವನ್ನೂ ತುಳಿದು ತುದಿಗೆ ತಂದಿದ್ದಳು, ಒಂದು ಮಾತಿಲ್ಲದೆ, ಮೇಲೆ ಬಂದ ಮೇಲೆ ಅವನ ಬೆನ್ನಿಗೆ ಹಣೆ ಒತ್ತಿದ್ದಳು. ಅದನ್ನು ಅವನು ಒಂದು ದಿನದ ಉಪಕಾರ ಎಂದು ನೆನಪಿಟ್ಟುಕೊಂಡಿದ್ದ. ಪ್ರತಿದಿನದ್ದು ಅಂತ ಅವಳು ಯಾವತ್ತೂ ಆಡಿ ತೋರಿಸಿರಲಿಲ್ಲ. ಅವನೇ ಅವಳನ್ನು ಹೊತ್ತುಕೊಂಡು ತಿರುಗುತ್ತಿದ್ದಾನೆ ಎಂದು ಊರೂ ತಿಳಿದಿತ್ತು, ಅವನೂ ತಿಳಿದಿದ್ದ. ಅವನಿಗೆ ನಗು ಬಂತು, ನಗಲು ಉಸಿರಿರಲಿಲ್ಲ. ಸರಿ, ಹಾಗಾದರೆ ತೀರಿತಲ್ಲ, ಭಾರ ವೇಗ ಎಲ್ಲ ಬರೀ ನೆಪ ಎಂದಾಯಿತಲ್ಲ, ಅಂಗಡಿಯಾಕೆ ಫೋನು ಮಾಡಿದರೆ ಜೋಡೀದೇ ಎಂದರಾಯಿತು. ಹಾಗೆಂದುಕೊಂಡು ಸೈಕಲ್ಲು ತಳ್ಳುತ್ತಾ ತುದಿಗೆ ಬಂದ. ತುದಿಯಿಂದ ಇಳಿಜಾರು. ಕೂತು ಕಾಲು ಬಿಟ್ಟ. ಗಾಳಿ ಅಂಗಿಯೊಳಗೆ ತುಂಬಿಕೊಂಡಿತು, ಮಳೆಯ ಮೊದಲ ಹನಿಗಳು ಮುಖಕ್ಕೆ ಬಿದ್ದವು, ಬೆನ್ನು ಖಾಲಿಯಿತ್ತು, ಕಾಲಿನಲ್ಲಿ ಯಾರೂ ಇರಲಿಲ್ಲ. ಬೇಕು, ಎಂದು ಅವನ ಇಡೀ ಮೈ ಹೇಳಿತು. ಹಗುರವೆಂದಲ್ಲ, ವೇಗವೆಂದಲ್ಲ, ಇದೇ ಬೇಕು. ಇಳಿಜಾರು ಮುಗಿದು ಮನೆಯ ರಸ್ತೆ ಬರುವಷ್ಟರಲ್ಲಿ ಅವನಿಗೆ ತನ್ನ ಬಗ್ಗೆ ಗೊತ್ತಾಗಬೇಕಾದದ್ದೆಲ್ಲ ಗೊತ್ತಾಗಿತ್ತು. ಗೊತ್ತಾದ್ದರಿಂದ ಏನೂ ಬದಲಾಗಲಿಲ್ಲ.

ಜೋಡಿ ಸೈಕಲ್ಲನ್ನು ಕೆಳಗೆ ಮೆಟ್ಟಿಲಿನಡಿಯಲ್ಲಿ ಬಿಡುತ್ತಿದ್ದರು. ಇದನ್ನು ಭುಜಕ್ಕೆ ಹಾಕಿಕೊಂಡು ಮೇಲಿನ ಮನೆಗೇ ತಂದ. ನಡುಮನೆಯಲ್ಲಿ ಅವಳು ಇಸ್ತ್ರಿ ಮಾಡುತ್ತಿದ್ದಳು. ಎಡಗೈ ಬಟ್ಟೆಯ ಅಂಚು ಹುಡುಕುತ್ತಾ ಮುಂದೆ, ಬಲಗೈಯ ಪೆಟ್ಟಿಗೆ ಅದರ ಹಿಂದೆ. ಒಂದಕ್ಕೊಂದು ತಗಲುತ್ತದೆಂದು ನೋಡುವವರಿಗೆ ಭಯ, ಎಂದೂ ತಗಲಿದ್ದಿಲ್ಲ. ಅವನ ಹೆಜ್ಜೆ ಕೇಳಿ ಕೈ ನಿಲ್ಲಿಸಿದಳು.

"ಮೇಲಕ್ಕೇ ತಂದ್ರಾ? ಅಷ್ಟು ಹಗುರಾನಾ?"

"ಹ್ಞೂಂ."

"ತೋರ್ಸಿ, ತೋರ್ಸಿ," ಎಂದು ಪೆಟ್ಟಿಗೆಯ ಸ್ವಿಚ್ಚು ಆರಿಸಿ ಕೈ ಚಾಚಿದಳು. ಅವರ ಮನೆಯಲ್ಲಿ ತೋರಿಸುವುದೆಂದರೆ ಅವಳ ಕೈ ಹಿಡಿದು ವಸ್ತುವಿನ ಮೇಲೆ ಇಡುವುದು. ಅವನು ಹ್ಯಾಂಡಲ್ಲಿನ ಮೇಲೆ ಇಟ್ಟ. ಬೆರಳುಗಳು ಬ್ರೇಕಿನ ಹಿಡಿ ಒತ್ತಿ ನೋಡಿದವು, ಮೇಲಿನ ಕೊಳವೆಯುದ್ದಕ್ಕೂ ನಿಧಾನ ನಡೆದವು, ಬೆಸುಗೆಯ ಉಬ್ಬು ಸವರಿ ಮೆಚ್ಚಿಕೊಂಡವು, ಸೀಟಿಗೆ ಬಂದವು, ಸೀಟನ್ನು ದಾಟಿದವು. ದಾಟಿದ ಮೇಲೆ ಅವಳ ಅಂಗೈ ಬರೀ ಗಾಳಿಯಲ್ಲಿ, ಎರಡನೇ ಹ್ಯಾಂಡಲ್ಲು ಇರಬೇಕಾದ ಎತ್ತರದಲ್ಲಿ ಚಪ್ಪಟೆಯಾಗಿ ನಿಂತಿತು. ಹಿಂದಕ್ಕೆ ಬಂದು ಸೀಟು ಮುಟ್ಟಿ ಖಾತ್ರಿ ಮಾಡಿಕೊಂಡು ಇನ್ನೊಮ್ಮೆ ಹೊರಟಿತು, ಈ ಸಲ ಸ್ವಲ್ಪ ಕೆಳಗೆ. ಹಿಂದಿನ ಚಕ್ರ ಸಿಕ್ಕಿತು. ಅವನು ಆ ಕೈಯನ್ನು ನೋಡುತ್ತಾ ನಿಂತಿದ್ದ, ನೋಡಬಾರದ್ದನ್ನು ನೋಡಿದವನ ಹಾಗೆ. ನೋಟ ತಪ್ಪಿಸಲೂ ಆಗಲಿಲ್ಲ.

"ಇದ್ರಲ್ಲಿ ನಾನೆಲ್ಲಿ ರೀ?" ಎಂದು ಅವಳು ನಕ್ಕಳು.

ಹೇಳಿಬಿಡಲು ಅದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. "ಇದು ಬರೀ ಮಾದರಿ," ಎಂದ ಅವನು. "ಲೋಹ ಹೇಗಿದೆ ನೋಡೋಕೆ ಅಂತ ಕೊಟ್ಟಿದ್ದು. ನಮ್ಮದು... ಆರ್ಡರ್ ಕೊಟ್ಟ ಮೇಲೆ ಬರುತ್ತೆ."

"ಹಾಗೆ ಹೇಳಿ. ನನ್ನ ಅಳತೆ ಕೊಟ್ಟಿದೀರಾ ಮತ್ತೆ? ಹಳೇದ್ರಲ್ಲಿ ನನ್ನ ಸೀಟು ಎತ್ತರ ಸರಿ ಇರಲೇ ಇಲ್ಲ. ಟೇಪು ತನ್ನಿ, ಈಗ್ಲೇ ತಗೊಂಡುಬಿಡೋಣ." ಅವನು ಏನೋ ಗೊಣಗುವಷ್ಟರಲ್ಲಿ ಅವಳು ಕಪಾಟಿನಿಂದ ಗಟ್ಟಿ ರಟ್ಟಿನ ದಪ್ಪ ಪುಸ್ತಕ ತಂದು ಗೋಡೆಗೆ ಬೆನ್ನು ಕೊಟ್ಟು ನಿಂತು, ಅದನ್ನು ತೊಡೆಗಳ ನಡುವೆ ಸೀಟಿನ ಹಾಗೆ ಮೇಲಕ್ಕೆ ಒತ್ತಿ ಹಿಡಿದಿದ್ದಳು. "ಹಿಮ್ಮಡಿಯಿಂದ ಪುಸ್ತಕದ ಮೇಲಂಚಿಗೆ. ಸಡಿಲ ಬಿಡಬೇಡಿ."

ಅವನು ಮಂಡಿಯೂರಿದ. ತಾನು ತರಿಸದ ಫ್ರೇಮಿಗೆ, ಅವಳು ಕೂರದ ಸೀಟಿಗೆ, ಟೇಪಿನ ತುದಿಯನ್ನು ಅವಳ ಹಿಮ್ಮಡಿಯ ಪಕ್ಕ ನೆಲಕ್ಕೆ ಒತ್ತಿ ಹಿಡಿದು ಮೇಲಕ್ಕೆ ಎಳೆದ. ಗಟ್ಟಿಮುಟ್ಟಾದ ಕಾಲು, ಮೀನಖಂಡ ಕಲ್ಲಿನಷ್ಟು ಬಿಗಿ. ಏರು ಹತ್ತಿದ ಕಾಲು. ಟೇಪು ಜಾರಿತು, ಮತ್ತೆ ಹಿಡಿದ. ಅವಳು ಮೇಲಿನಿಂದ ಮಾತಾಡುತ್ತಲೇ ಇದ್ದಳು: ಹಿಂದಿನ ಹ್ಯಾಂಡಲ್ಲು ಈ ಸಲ ಚೂರು ಅಗಲ ಇರಲಿ, ಮಣಿಕಟ್ಟು ನೋಯುತ್ತದೆ, ಅಕ್ಕ ನಿನ್ನೆ ಫೋನಿನಲ್ಲಿ ನಗಾಡಿದಳು, ಈ ವಯಸ್ಸಲ್ಲಿ ಹೊಸ ಜೋಡಿ ಸೈಕಲ್ಲಾ ಅಂತ. ಆಮೇಲೆ ಮಾತು ನಿಲ್ಲಿಸಿದಳು. ನಿಲ್ಲಿಸಿ, ಏನನ್ನೋ ಕೇಳಿಸಿಕೊಳ್ಳುವವಳ ಹಾಗೆ ಮುಖವನ್ನು ಕೊಂಚ ಪಕ್ಕಕ್ಕೆ ತಿರುಗಿಸಿ ಸುಮ್ಮನೆ ನಿಂತಳು. ಹೊರಗೆ ಮಳೆ ಜೋರಾಗಿತ್ತು. "ಏನಾದ್ರೂ ಹೇಳೋದಿದ್ಯಾ?" ಎಂದಳು. "ಇಲ್ಲ," ಎಂದ ಅವನು ನೆಲ ನೋಡಿಕೊಂಡು. "ಕಾಲುದ್ದ ಆಯ್ತು. ಕೈ ಚಾಚು."

ಭುಜದಿಂದ ಬೆರಳಿನವರೆಗೆ ಟೇಪು ಹಿಡಿದಿದ್ದಾಗಲೇ ಫೋನು ಬಡಿದುಕೊಂಡಿತು. ಎತ್ತಿಕೊಂಡು ಬಾಲ್ಕನಿಗೆ ಹೋಗಬಹುದಿತ್ತು. ಹೋದರೆ ಅನುಮಾನ ಬರುತ್ತದೆಂದು ಅಲ್ಲೇ ನಿಂತು ಎತ್ತಿದ. ಅಂಗಡಿಯಾಕೆಯ ಗಂಟಲು ಫೋನಿನಿಂದಾಚೆ ಕೋಣೆಗೆಲ್ಲ ಕೇಳಿಸಿತು. "ಸಾರ್, ಗಾಡಿ ಹೊರಡ್ತಿದೆ. ಏರು ಹತ್ತಿಸಿದ್ರಾ? ಒಂಟೀದೇ ತರಿಸಲಾ ಹಾಗಾದ್ರೆ?"

ಹೆಂಡತಿಯ ಕೈ ಅಳತೆಗೆಂದು ಚಾಚಿದ್ದು ಚಾಚಿದಂತೆಯೇ ಇತ್ತು. ಒಂದು ಮಾತು ಸಾಕಿತ್ತು. ಅಯ್ಯೋ, ಒಂಟಿ ಯಾಕೆ, ಜೋಡೀದು ಅಂತ ಹೇಳಿದ್ನಲ್ಲ ಎಂದು ಅಂಗಡಿಯಾಕೆಯ ಮೇಲೇ ಹಾಕಿಬಿಟ್ಟಿದ್ದರೂ ನಡೆಯುತ್ತಿತ್ತು. ಅವನಿಗೆ ಇಳಿಜಾರಿನ ಗಾಳಿ ನೆನಪಾಯಿತು. ಅಷ್ಟೇ, ಬೇರೇನೂ ನೆನಪಾಗಲಿಲ್ಲ.

"ಹೌದು," ಎಂದ. "ಒಂಟೀದೇ."

"ಬಣ್ಣ ಅದೇ ಬೂದು?"

"ಅದೇ."

"ಮಡ್‌ಗಾರ್ಡು ಹಾಕಿಸೋದಾ?"

"ಹಾಕಿ. ಎಲ್ಲಾ ಕಾಲಕ್ಕೂ ಆಗಬೇಕು," ಎಂದು ಹೇಳಿ ಫೋನು ಇಟ್ಟ. ತನ್ನ ದನಿ ಕಚೇರಿಯಲ್ಲಿ ನಕ್ಷೆಯ ಪ್ರತಿ ಕೇಳಿದವರಿಗೆ ಉತ್ತರ ಹೇಳುವಷ್ಟು ಸರಾಗವಾಗಿ ಬಂದದ್ದು ಅವನಿಗೇ ಆಶ್ಚರ್ಯ.

ಅವಳು ಕೈ ಇಳಿಸಿದಳು. ಪುಸ್ತಕವನ್ನು ತೆಗೆದುಕೊಂಡು ಹೋಗಿ ಕಪಾಟಿನಲ್ಲಿ ಅದರ ಜಾಗದಲ್ಲೇ ಇಟ್ಟಳು. ಇಸ್ತ್ರಿಯಾಗದೆ ಉಳಿದಿದ್ದ ಅವನ ಅಂಗಿಯನ್ನು ಮಡಿಸಿ ಪಕ್ಕಕ್ಕೆ ಸರಿಸಿದಳು. ಅವಳು ಅಳುತ್ತಾಳೆ ಎಂದು ಅವನು ಕಾದ. ಈ ಗಳಿಗೆಯನ್ನು ಅವನು ಎಷ್ಟೋ ಸಲ ಮನಸ್ಸಿನಲ್ಲಿ ಆಡಿ ನೋಡಿದ್ದ: ಅವಳು ಅಳುವುದು, ತಾನು ತಪ್ಪೊಪ್ಪಿಕೊಳ್ಳುವುದು, ತನಗೂ ಅಳು ಬರುವುದು, ಅವಳು ಕೊನೆಗೆ ಅವನ ತಲೆ ಸವರುವುದು.

"ಅಳತೆ ಯಾಕೆ ತಗೊಂಡ್ರಿ?" ಎಂದಳು.

"ಹೇಳೋಣ ಅಂತಲೇ ಇದ್ದೆ..."

"ನಂಗೆ ಗೊತ್ತಿತ್ತು ರೀ. ಎಷ್ಟು ದಿನದಿಂದ ನಿಮ್ಮ ಕಾಲು ನನ್ನ ಜೊತೇಲಿ ಇಲ್ಲ. ಗಡಿಯಾರದ ಥರ ತುಳೀತಿದ್ರಿ. ಬೇಡ ಅನ್ನಿಸಿದ್ರೆ ಬೇಡ ಅನ್ನಿ, ಅದಕ್ಕೇನು. ನನ್ನ ಕಾಲ ಹತ್ತಿರ ಬಗ್ಗಿ ಕೂತರೆ ನಿಮಗೆ ಹೇಳೋಕೆ ಸುಲಭ ಆಗುತ್ತೆ ಅಂತಲೇ ಅಳತೆ ತಗೊಳ್ಳಿ ಅಂದಿದ್ದು. ಬಾಯಿಬಿಟ್ಟು ಕೇಳಿದೆ ಕೂಡ." ಅವಳ ದನಿ ಮೊದಲ ಸಲ ಒಡೆಯಿತು. "ನೀವು ಟೇಪು ಸರಿಯಾಗಿ ಹಿಡಿದ್ರಿ."

ಅವಳು ಮುಖ ಒರೆಸಿಕೊಂಡಳು, ಗಂಟಲು ಸರಿಮಾಡಿಕೊಂಡಳು. ಮತ್ತೆ ಮಾತಾಡಿದಾಗ ಅದು ಆಸ್ಪತ್ರೆಯಲ್ಲಿ ಕೆಲಸ ಹೇಳುವವಳ ದನಿ.

"ಇರಲಿ. ಸೋಮವಾರ ನಾನು ಡ್ಯೂಟಿಗೆ ಹೋಗಬೇಕು. ಆಸ್ಪತ್ರೆಗೆ ಬಸ್ಸು ಎಲ್ಲಿ ನಿಲ್ಲುತ್ತೆ? ನಮ್ಮ ಬಾಗಿಲಿಂದ ಎಡಕ್ಕೋ ಬಲಕ್ಕೋ?"

ಅವನು ಬಾಯಿ ತೆರೆದ. ಬಸ್ಸುಗಳು ದಿನಾ ಅವನ ಪಕ್ಕದಲ್ಲೇ ಹಾಯುತ್ತಿದ್ದವು, ಹೊಗೆ ಬಿಡುತ್ತಿದ್ದವು, ಎಲ್ಲೋ ನಿಲ್ಲುತ್ತಲೂ ಇದ್ದವು. ಈ ರಸ್ತೆಯ ಕೆಳಗೆ ಯಾವ ಕೊಳಾಯಿ ಎಲ್ಲಿ ತಿರುಗುತ್ತದೆಂದು ಅವನು ಕಣ್ಣು ಮುಚ್ಚಿ ಬರೆಯಬಲ್ಲ. ಮಳೆಗೆ ಯಾವ ಬ್ರೇಕು, ಕೆಸರಿಗೆ ಯಾವ ಟೈರು, ಚಳಿಗೆ ಯಾವ ಎಣ್ಣೆ, ಎಲ್ಲ ಕಂಠಪಾಠ. ಅವಳ ಕಣ್ಣೀರಿಗೆ ಏನು ಹೇಳಬೇಕೆಂಬುದನ್ನೂ ತಯಾರು ಮಾಡಿಕೊಂಡಿದ್ದ. ಅವಳು ಸೋಮವಾರ ಕೆಲಸಕ್ಕೆ ಹೇಗೆ ಹೋಗುತ್ತಾಳೆ ಎಂಬುದು ಇಷ್ಟು ವಾರಗಳಲ್ಲಿ ಒಂದು ಸಲವೂ, ಅರ್ಧ ಸಲವೂ ಅವನ ತಲೆ ಹೊಕ್ಕಿರಲಿಲ್ಲ. ತನ್ನ ಪಶ್ಚಾತ್ತಾಪದಲ್ಲಿ ಕೂಡ ಅವಳಿಗೆ ಜಾಗವಿರಲಿಲ್ಲ ಎಂಬುದು ಅವನಿಗೆ ಆಗ ತಿಳಿಯಿತು, ಕಪಾಳಕ್ಕೆ ಹೊಡೆದ ಹಾಗೆ ತಿಳಿಯಿತು.

"ನೋಡ್ಕೊಂಡ್ ಬರ್ತೀನಿ, ಇರು," ಎಂದು ಚಪ್ಪಲಿಗೆ ಕಾಲು ಹಾಕಿದ.

"ನೀವು ನೋಡ್ಕೊಂಡ್ ಬಂದ್ರೆ ನಂಗೇನು ಬಂತು? ಹೆಜ್ಜೆ ನಂದಲ್ವಾ ಗೊತ್ತಾಗಬೇಕಾದ್ದು. ನಡೀರಿ." ಮಳೆಯಂಗಿಯನ್ನು ಮೊಳೆಯಿಂದ ತೆಗೆದು ತಲೆಗೆ ಹಾಕಿಕೊಂಡಳು, ಬಾಗಿಲ ಹಿಂದೆ ಮಡಿಚಿಟ್ಟಿದ್ದ ಬಿಳಿ ಕೋಲನ್ನು ಬಿಡಿಸಿದಳು. ಅವನು ಬೀಗ ಹಾಕಿ ಮೆಟ್ಟಿಲಿನ ತಲೆಗೆ ಬಂದು, ಎಂದಿನಂತೆ ಅವಳು ಹಿಡಿದುಕೊಳ್ಳಲೆಂದು ಮೊಣಕೈಯನ್ನು ಪಕ್ಕಕ್ಕೆ ಮಾಡಿ ನಿಂತ. ಅವಳು ಕಂಬಿ ಹಿಡಿದು, ಕೋಲಿನಿಂದ ಒಂದೊಂದೇ ಮೆಟ್ಟಿಲನ್ನು ಮುಟ್ಟಿ ನೋಡುತ್ತಾ ಇಳಿಯತೊಡಗಿದ್ದಳು. ಚಾಚಿದ ಮೊಣಕೈ ಅವಳಿಗೆ ಕಾಣುವಂತಿರಲಿಲ್ಲ. ಇಲ್ಲಿದೆ ಎಂದು ಹೇಳಲು ಅವನಿಗೆ ಬಾಯಿ ಬರಲಿಲ್ಲ.